ಮಗ್ಗುಲು ಬದಲಿಸುವ ನಾಟಕ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಗ್ಗೆ ರಂಗಾಸಕ್ತರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಬರೆಯುವಾಗ ಕೆಲವು ಕಡೆ ಉದ್ದ ಮಾಡಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಏನು ಹೇಳಿದೆ ಅಂತ ನನಗೂ ನೆನಪಿಲ್ಲ, ಹಾಗಾಗಿ ಅದು ಇಲ್ಲಿಲ್ಲ.)

ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಹೇಳೋದು ಸುಲಭ.

ಕೆಲವು ವರ್ಷದ ಹಿಂದೆ ಸಾಗರ ತಾಲ್ಲೂಕಿನ ಒಂದು ಊರಿನಲ್ಲಿ ನಾವು ನಾಟಕ ಕಟ್ಟಲು ಹೊರಟೆವು. ನಲವತ್ತು ಮನೆಯ ಊರು. ವಿಷಯ ಮುಪ್ಪು. ಮನೆಮನೆಗೆ ಹೋಗಿ ವಯಸ್ಸಾದವರ ಜೊತೆ ಕೂತು ಮಾತಾಡೋದು, ಅವರು ಹೇಳಿದ್ದನ್ನೇ ದೃಶ್ಯ ಮಾಡೋದು ಅಂತ ಯೋಚನೆ. ಒಬ್ಬ ಅಜ್ಜ ಸಿಕ್ಕರು. ಸೊಂಟ ಮುರಿದು ಹಾಸಿಗೆ ಹಿಡಿದವರು. ಮಾತುಗಾರ. ರಾತ್ರಿ ಏನಾದರೂ ಬೇಕಾದರೆ ಕೈಯಲ್ಲಿದ್ದ ಉಂಗುರದಿಂದ ತಾಮ್ರದ ಚೊಂಬಿಗೆ ಬಡಿಯುತ್ತಿದ್ದರಂತೆ. ಒಂದು ರಾತ್ರಿ ಐದನೇ ಸಲ ಬಡಿದಾಗ ಸೊಸೆ ಎದ್ದು ಬಂದು, 'ನೀವು ಯಾವಾಗ ಹೋಗ್ತೀರಿ ಮಾವಯ್ಯ' ಅಂದರಂತೆ. ಆಮೇಲೆ ಅಲ್ಲೇ ಕೂತು ಅವರ ಕಾಲು ಒತ್ತಿದರಂತೆ. ಅಜ್ಜ ಇದನ್ನು ನಗುತ್ತಾ ಹೇಳಿದರು. 'ಹಾಕಿ ನಾಟಕಕ್ಕೆ' ಅಂದರು.

ಹಾಕಿದೆವು. ಹೆಸರು ಬದಲಿಸಿದೆವು. ಸೊಸೆಯನ್ನು ಮಗಳು ಮಾಡಿದೆವು. ಊರನ್ನು ತೀರ್ಥಹಳ್ಳಿ ಕಡೆಗೆ ಸಾಗಿಸಿದೆವು. ಆದರೆ ಚೊಂಬನ್ನು ಬಿಡಲು ಮನಸ್ಸಾಗಲಿಲ್ಲ. ಅಷ್ಟು ಒಳ್ಳೆ ಸದ್ದು ಯಾವ ನಿರ್ದೇಶಕನಿಗೆ ಸಿಗುತ್ತೆ ಹೇಳಿ? ಪ್ರದರ್ಶನದ ದಿನ ಕತ್ತಲಲ್ಲಿ ಟಣ್ ಟಣ್ ಅಂತ ಸದ್ದು ಬಂತು. ಇಡೀ ಅಂಗಳ ಒಟ್ಟಿಗೇ ತಿರುಗಿ ಎರಡನೇ ಸಾಲಿನ ಕಡೆ ನೋಡಿತು. ಆ ಸದ್ದನ್ನು ಎರಡು ವರ್ಷದಿಂದ ದಿನಾ ರಾತ್ರಿ ಕೇಳಿದ ಊರು ಅದು. ಆ ಹೆಣ್ಣುಮಗಳು ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋದರು.

ಮರುದಿನ ಕ್ಷಮೆ ಕೇಳಲು ಹೋದೆ. ಕಾಫಿ ಕೊಟ್ಟರು. ಬೈಯಲಿಲ್ಲ. 'ಕಥೆ ಮಾವಯ್ಯಂದು ಅಂತ ಅವ್ರನ್ನ ಕೇಳಿದ್ರಿ. ಅದ್ರಲ್ಲಿ ನಾನೂ ಇದ್ನಲ್ಲ' ಅಂದರು. ಅಷ್ಟೇ.

ಪಟ್ಟಣದಲ್ಲಿ ಹೆಸರು ಬದಲಿಸಿದರೆ ಗುಟ್ಟು ಉಳಿಯುತ್ತೆ. ನಲವತ್ತು ಮನೆಯ ಊರಿನಲ್ಲಿ ಚೊಂಬು, ಬಕೆಟ್ಟಿನ ಬಣ್ಣ, ಕೆಮ್ಮುವ ರೀತಿ, ಎಲ್ಲಕ್ಕೂ ಗುರುತಿನ ಚೀಟಿ ಇದೆ. ಅವತ್ತೇ ಆ ನಾಟಕ ನಿಲ್ಲಿಸಿದೆವು. ಮತ್ತೆ ಶುರು ಮಾಡಲು ಒಂದು ವರ್ಷ ಬೇಕಾಯಿತು.

ಆ ಒಂದು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಇದು: ನಮ್ಮ ರಂಗಭೂಮಿಗೆ ಸಾವು ಹೊಸದಾ? ಖಂಡಿತ ಇಲ್ಲ. ಯಕ್ಷಗಾನದಲ್ಲಿ ದಿನಾ ಯಾರಾದರೂ ಸಾಯುತ್ತಾರೆ. ಕರ್ಣ ಸಾಯುತ್ತಾನೆ, ಅಭಿಮನ್ಯು ಸಾಯುತ್ತಾನೆ, ವಾಲಿ ಸಾಯುತ್ತಾನೆ. ಬೆಳಗಿನ ಜಾವದ ಹೊತ್ತಿಗೆ ಚಂಡೆ ಏರಿಸಿ, ಒಳ್ಳೆ ಪದ್ಯ ಹಾಡಿ, ಚೆನ್ನಾಗಿಯೇ ಕಳಿಸಿಕೊಡುತ್ತೇವೆ. ಊರ ನಾಟಕಗಳಲ್ಲಿ ಹರಿಶ್ಚಂದ್ರ ಸ್ಮಶಾನವನ್ನೇ ರಂಗದ ಮೇಲೆ ತರುತ್ತಾನೆ. ಸಾವು ನಮಗೆ ಚೆನ್ನಾಗಿ ಬರುತ್ತೆ. ನಮಗೆ ಬಾರದಿರೋದು ಅದಕ್ಕೆ ಮುಂಚಿನ ಎಂಟು ತಿಂಗಳು. ಬಚ್ಚಲಿಗೆ ಎತ್ತಿಕೊಂಡು ಹೋಗೋದು, ಗಂಜಿ ಬೇಡ ಅಂತ ಮುಖ ತಿರುಗಿಸೋದು, ಮೂತ್ರಕ್ಕೆ ಪೈಪ್ ಹಾಕಿದ ಮೇಲೆ ನೆಂಟರು ಬಂದರೆ ಪಂಚೆ ಎಳೆದುಕೊಳ್ಳೋದು. ಇದಕ್ಕೆ ಯಾವ ತಾಳ ಹಾಕೋಣ?

ಉತ್ತರ ಮಹಾಭಾರತದಲ್ಲೇ ಇತ್ತು, ಭೀಷ್ಮನ ಹತ್ತಿರ. ಸುಮ್ನೆ ಯೋಚಿಸಿ. ನಮ್ಮ ಪುರಾಣದ ಎಲ್ಲರಿಗಿಂತ ದೊಡ್ಡ ಅಜ್ಜ, ಹಾಸಿಗೆ ಹಿಡಿದು ಐವತ್ತೆಂಟು ರಾತ್ರಿ ಬದುಕಿದ. ಉತ್ತರಾಯಣಕ್ಕೆ ಕಾದ. ಅಷ್ಟೂ ದಿನ ಬಂದವರೆಲ್ಲ ಅವನಿಂದ ಉಪದೇಶ ಕೇಳಿದರು. ಆದರೆ ಬಿದ್ದ ದಿನ ಅವನು ಕೇಳಿದ್ದು ತಲೆದಿಂಬು. ತಲೆ ಕೆಳಗೆ ಜೋತುಬಿದ್ದಿತ್ತು. ರಾಜರು ಮೆತ್ತನೆ ರೇಷ್ಮೆ ದಿಂಬು ತಂದರು, ಅವನು ಬೇಡ ಅಂದ. ಅರ್ಜುನ ಮೂರು ಬಾಣ ನೆಟ್ಟು ತಲೆಗೆ ಆಸರೆ ಕೊಟ್ಟ. ಆಮೇಲೆ ಬಾಯಾರಿಕೆ. ಎಲ್ಲರೂ ತಂಪು ನೀರಿನ ಕೊಡ ತಂದರು. ಅದೂ ಬೇಡ. ಅರ್ಜುನ ನೆಲಕ್ಕೆ ಬಾಣ ಬಿಟ್ಟು ನೀರು ಚಿಮ್ಮಿಸಿದ. ಮನೆಯಲ್ಲಿ ಯಾರನ್ನಾದರೂ ನೋಡಿಕೊಂಡವರಿಗೆ ಇದು ಪುರಾಣ ಅನ್ನಿಸೋದೇ ಇಲ್ಲ. ಐದು ದಿಂಬು ತಂದರೂ ಸರಿಹೋಗಲ್ಲ. ಯಾರೋ ಒಬ್ಬರು ಬಂದು ಹಳೇ ಪಂಚೆ ಮಡಿಸಿ ಕತ್ತಿನ ಕೆಳಗೆ ಇಟ್ಟರೆ, 'ಹಾಂ, ಈಗ ಸರಿಯಾಯ್ತು' ಅಂತಾರೆ. ಆ ಒಬ್ಬರಿಗೆ ಮಾತ್ರ ಅದು ಹೇಗೆ ಗೊತ್ತಾಯಿತು ಅಂತ ಇವತ್ತಿಗೂ ಯಾರಿಗೂ ಹೇಳಲು ಬರಲ್ಲ.

ಹಾಗಾಗಿ ಊರಿನ ಕಥೆಗಳನ್ನೆಲ್ಲ ಭೀಷ್ಮನ ಮೇಲೆ ಹೊರಿಸಿದೆವು. ಅವನು ಹೊರುತ್ತಾನೆ, ಅಭ್ಯಾಸ ಇದೆ. ಯಾರ ಮನೆಯ ಕಷ್ಟವಾದರೂ ಭೀಷ್ಮನ ಕಷ್ಟವಾದರೆ ಅಂಗಳದಲ್ಲಿ ಯಾರೂ ಹಿಂದೆ ತಿರುಗಿ ನೋಡಲ್ಲ. ಒಳಗೊಳಗೇ ನೋಡಿಕೊಳ್ಳುತ್ತಾರೆ.

ಭೀಷ್ಮನಿಂದ ಇನ್ನೊಂದು ಲಾಭವಾಯಿತು. ಊರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಮಳೆಗಾಲದ ತಾಳಮದ್ದಳೆಗಳಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು. ಈಗ ಪಾರ್ಕಿನ್ಸನ್. ಕೈ ನಡುಗುತ್ತೆ, ಹೆಜ್ಜೆ ಕೀಳಲು ಕಷ್ಟ. ಅವರಿಗೆ ಅದ್ಯಾವುದೂ ಅಷ್ಟು ಬೇಜಾರಲ್ಲ. ದನಿ ಸಣ್ಣದಾಗಿತ್ತು, ಅದು ಬೇಜಾರು. ಈ ಕಾಯಿಲೆಯಲ್ಲಿ ದನಿ ಕುಗ್ಗೋದು ಸಾಮಾನ್ಯ. ತಾನು ಜೋರಾಗಿಯೇ ಮಾತಾಡುತ್ತಿದ್ದೇನೆ ಅಂತ ರೋಗಿಗೆ ಅನ್ನಿಸುತ್ತಿರುತ್ತೆ, ಎದುರಿಗಿದ್ದವರಿಗೆ ಕೇಳಲ್ಲ.

ತಾಳಮದ್ದಳೆ ನೋಡದವರಿಗೆ ಎರಡು ಮಾತು ಹೇಳಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ, ಚಂಡೆ ಇರುತ್ತೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಆ ಮಾತು ಎಲ್ಲೂ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ನಡೆಯಲಾರದವರಿಗೆ ಹೇಳಿ ಮಾಡಿಸಿದ ರಂಗಭೂಮಿ ನಮ್ಮ ಜಗಲಿಯ ಮೇಲೇ ಇತ್ತು, ನಾವು ಹೊಸ ಪ್ರಯೋಗ ಅಂತ ಎಲ್ಲೆಲ್ಲೋ ಹುಡುಕುತ್ತಿದ್ದೆವು. ಮೇಷ್ಟ್ರೇ ಭೀಷ್ಮ. ಮಲಗಿಯೇ ಅರ್ಥ ಹೇಳಿದರು.

ಪ್ರದರ್ಶನದ ಸಮಯವನ್ನು ಅವರ ಮಾತ್ರೆ ನಿರ್ಧರಿಸುತ್ತಿತ್ತು. ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಗೆ ಮೈ ಸಡಿಲ ಆಗುತ್ತಿತ್ತು. ಸ್ವಲ್ಪ ಹೊತ್ತು ಚೆನ್ನಾಗಿರುತ್ತಿದ್ದರು. ಆಮೇಲೆ ಇಳಿಯುತ್ತಿತ್ತು. ಮಂತ್ರಿಗಳು ಬರುವುದು ತಡವಾದರೆ ಕಾಯುವ ನಾಟಕಗಳಿವೆ. ನಾವು ಯಾರಿಗೂ ಕಾಯುವಂತಿರಲಿಲ್ಲ.

ಒಂದು ವಿಷಯ ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ಗೊತ್ತು, ರಂಗದವರಿಗೆ ಗೊತ್ತಿರಲಿಕ್ಕಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ಮೈಯ ಭಾರವೇ ಚರ್ಮಕ್ಕೆ ರಕ್ತ ಹರಿಯದ ಹಾಗೆ ಒತ್ತಿ ಹಿಡಿಯುತ್ತೆ. ಆ ಹುಣ್ಣು ವಾಸಿಯಾಗೋದು ಬಹಳ ಕಷ್ಟ. ನಮ್ಮ ಜೊತೆ ತಾಲೀಮಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯೊಬ್ಬರು ಒಂದು ದಿನ, 'ನಿಮ್ಮ ಭೀಷ್ಮ ಒಂದು ಗಂಟೆಯಿಂದ ಅಂಗಾತ ಮಲಗಿದಾನೆ, ಯಾರಾದ್ರೂ ತಿರುಗಿಸ್ತೀರಾ?' ಅಂತ ಕೇಳಿದರು. ಎಲ್ಲರೂ ನಕ್ಕೆವು. ಮೇಷ್ಟ್ರು ಮಾತ್ರ, 'ಅವರು ಹೇಳೋದು ನಿಜ, ಬೆನ್ನು ಉರೀತಿದೆ' ಅಂದರು.

ನಾಟಕದ ಬೆನ್ನೆಲುಬು ಅಲ್ಲಿ ಸಿಕ್ಕಿತು. ಎಂಟು ನಿಮಿಷಕ್ಕೊಮ್ಮೆ ಜಾಗಟೆ ಬಡಿಯುತ್ತೆ. ರಂಗದ ಮೇಲೆ ಏನೇ ನಡೆಯುತ್ತಿರಲಿ, ಅಣ್ಣತಮ್ಮಂದಿರು ಆಸ್ತಿಗೆ ಜಗಳ ಆಡುತ್ತಿರಲಿ, ದ್ರೌಪದಿ ಪ್ರಶ್ನೆ ಕೇಳುತ್ತಿರಲಿ, ಮಾತು ಅರ್ಧಕ್ಕೆ ನಿಲ್ಲಬೇಕು. ಇಬ್ಬರು ಹೋಗಿ ಭೀಷ್ಮನ ಮಗ್ಗುಲು ಬದಲಿಸಬೇಕು. ಒಬ್ಬರು ಭುಜ, ಒಬ್ಬರು ಸೊಂಟ. ಎಳೆಯಬಾರದು, ಉರುಳಿಸಬೇಕು. ಮಂಡಿ ಮಧ್ಯೆ ಒಂದು ದಿಂಬು. ಆಮೇಲೆ ಬಂದು ಬಿಟ್ಟಲ್ಲಿಂದ ಜಗಳ ಮುಂದುವರಿಸಬೇಕು. ಮೊದಲ ಸಲ ಜನ ನಗುತ್ತಾರೆ. ಮೂರನೇ ಸಲಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ಕತೆ ಓಡುತ್ತಿಲ್ಲ ಅಂತ. ಅದೇ ಬೇಕಿತ್ತು ನಮಗೆ. ಒಂದು ಪ್ರದರ್ಶನದಲ್ಲಿ ಜಾಗಟೆಯ ಹುಡುಗ ಮೈಮರೆತ. ಅಂಗಳದಿಂದ ಒಬ್ಬ ಹೆಂಗಸು ಕೂಗಿದರು: 'ಮಗ್ಗುಲು! ಮಗ್ಗುಲು!' ದುರ್ಯೋಧನ ಓಡಿಹೋಗಿ ಅಜ್ಜನನ್ನು ತಿರುಗಿಸಿದ.

ಜನರ ಜೊತೆ ಕೂಡಿ ನಾಟಕ ಕಟ್ಟೋದು ಮಲೆನಾಡಿಗೆ ಹೊಸದು ಅಂತ ನಾನು ಹೇಳುತ್ತಿಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ, ಊರಿನವರೇ ಸೇರಿ ಕಟ್ಟಿದ ಸಂಘವಾಗಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 1985ರಿಂದ ನೀನಾಸಂನ ಸಂಚಾರಿ ತಂಡ 'ತಿರುಗಾಟ' ನಾಡೆಲ್ಲ ಸುತ್ತುತ್ತಿದೆ. ಇದರಿಂದ ಒಂದು ಸಣ್ಣ ತೊಂದರೆಯೂ ಆಗಿದೆ. ನಮ್ಮ ಕಡೆಯ ಪ್ರೇಕ್ಷಕರು ಸುಲಭಕ್ಕೆ ಒಪ್ಪಲ್ಲ. ಅಡಿಕೆ ಸುಲಿಯುತ್ತಾ ಕೂತ ಅಜ್ಜಿ ಕೂಡ, 'ಲೈಟಿಂಗ್ ಜಾಸ್ತಿ ಆಯ್ತು' ಅಂತಾರೆ.

ಅಡಿಕೆ ಸುಲಿಯೋದರ ಬಗ್ಗೆ ಹೇಳಲೇಬೇಕು. ನಾವು ಮೊದಲು ಜನರನ್ನು ಸಭೆ ಸೇರಿಸಿ, ದುಂಡಗೆ ಕೂರಿಸಿ, 'ನಿಮ್ಮ ಅನುಭವ ಹೇಳಿ' ಅನ್ನುತ್ತಿದ್ದೆವು. ಯಾರೂ ಬಾಯಿ ಬಿಡುತ್ತಿರಲಿಲ್ಲ. 'ಏನಿರುತ್ತೆ, ಎಲ್ರಿಗೂ ಆಗೋದೇ' ಅಂದು ಮುಗಿಸುತ್ತಿದ್ದರು. ಆಮೇಲೆ ಸುಗ್ಗಿ ಬಂತು. ರಾತ್ರಿ ಊಟ ಮುಗಿಸಿ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂತರು. ನಾವೂ ಹೋಗಿ ಕೂತೆವು. ನಾನು ಸುಲಿದ ಅಡಿಕೆ ನೋಡಿ ಯಜಮಾನರಿಗೆ ಅಳು ಬಂದಿರಬೇಕು. ಆದರೆ ಅಲ್ಲಿ ಮಾತು ಹರಿಯಿತು. ಕೈಗೆ ಕೆಲಸ ಇತ್ತು, ಕಣ್ಣು ಕತ್ತಿಯ ಮೇಲಿತ್ತು, ಯಾರೂ ಯಾರ ಮುಖ ನೋಡಬೇಕಾಗಿರಲಿಲ್ಲ. ಗಂಡನ ಕೊನೆಯ ವಾರದ ಬಗ್ಗೆ ಒಬ್ಬರು ಹೇಳಿದರು, ತಲೆ ಎತ್ತದೆ. ಆ ಚಪ್ಪರದಲ್ಲಿ ಮೊಬೈಲ್ ರೆಕಾರ್ಡರ್ ಹಾಕಿಲ್ಲ. ಚೊಂಬಿನ ಪಾಠ ಆಗಿತ್ತಲ್ಲ. ನೆನಪಿದ್ದದ್ದನ್ನು ಮೂರ್ನಾಲ್ಕು ಮನೆಯದ್ದು ಕಲಸಿ, ಮತ್ತೆ ಅವರ ಮುಂದೆಯೇ ಆಡಿ ತೋರಿಸಿದೆವು. 'ಇದು ಬೇಡ' ಅಂದದ್ದನ್ನು ತೆಗೆದೆವು. ಕಾರಣ ಕೇಳಲಿಲ್ಲ. ಹೀಗೆ ಬಹಳ ಒಳ್ಳೆಯ ಎರಡು ದೃಶ್ಯ ಹೋಗಿವೆ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ.

ತಾಲೀಮಿನ ವೇಳಾಪಟ್ಟಿ ಅನ್ನೋದು ಇಂಥ ಕೆಲಸದಲ್ಲಿ ತಮಾಷೆಯ ವಸ್ತು. ಅಡಿಕೆ ಕೊನೆ ಕೊಯ್ಲು, ಮಳೆ, ಮದುವೆ, ಸೂತಕ. ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಕಾಡಂಚಿನ ಮನೆಗಳಿಗೆ ಹೋಗಲು ಹಿಂಜರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಅದು, ಇವತ್ತಿಗೂ ಬೇಸಿಗೆ ಹತ್ತಿರ ಬಂದರೆ ಸತ್ತ ಮಂಗದ ಸುದ್ದಿಗೆ ಜನ ಬೆಚ್ಚುತ್ತಾರೆ. ಆರು ವಾರದ ಕೆಲಸಕ್ಕೆ ನಾವು ಹದಿನಾಲ್ಕು ತಿಂಗಳು ತೆಗೆದುಕೊಂಡೆವು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದ ವಿಷಯ. ಪಾತ್ರ ಹಂಚಿಕೆ.

ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಮ್ಮ ಇದ್ದರು. ಗರ್ಭಕೋಶದ ಕ್ಯಾನ್ಸರ್. ಚಿಕಿತ್ಸೆಗೆ ಅಂತ ಹಲವು ಸಲ ಘಟ್ಟ ಇಳಿದು ಹತ್ತಿದವರು. ನಾನು ಸಹಜವಾಗಿಯೇ, 'ಅಮ್ಮ, ನೀವು ರೋಗಿಯ ಪಾತ್ರ ಮಾಡ್ತೀರಾ? ನಿಮಗೆ ಗೊತ್ತಿರೋದೇ ಅಲ್ವಾ?' ಅಂದೆ. ಅವರು ನನ್ನನ್ನು ಒಂದು ಥರಾ ನೋಡಿದರು. 'ಅದನ್ನ ಮನೇಲಿ ದಿನಾ ಮಾಡ್ತೀನಲ್ಲ. ಇಲ್ಲಿಗೂ ಬಂದು ಅದೇ ಮಾಡ್ಲಾ? ನಂಗೆ ಡಾಕ್ಟರ್ ಕೊಡು' ಅಂದರು.

ಡಾಕ್ಟರ್ ಕೊಟ್ಟೆ. ಅವರ ಮೊಮ್ಮಗ ಗ್ಯಾಸ್ ಪೈಪಿನ ತುಂಡಿಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಸಿಕ್ಕಿಸಿ ಸ್ಟೆತಾಸ್ಕೋಪ್ ಮಾಡಿಕೊಟ್ಟ. ಅಮ್ಮ ಕುರ್ಚಿಯಲ್ಲಿ ಕೂತರು. ರೋಗಿ ಬಂದ, ನಮ್ಮ ಹುಡುಗನೇ. ಅವನು ನಮಸ್ಕಾರ ಅಂದ. ಅಮ್ಮ ತಲೆ ಎತ್ತಲಿಲ್ಲ. ಏನೋ ಬರೆದರು. ಪುಟ ತಿರುಗಿಸಿದರು. ಮತ್ತೆ ಬರೆದರು. ಒಂದು ಪೂರ್ತಿ ನಿಮಿಷ. ರಂಗದ ಮೇಲೆ ಒಂದು ನಿಮಿಷ ಎಷ್ಟು ಉದ್ದ ಅಂತ ನಟರಿಗೆ ಗೊತ್ತು. ಆಮೇಲೆ ಚೀಟಿ ಹರಿದು ಕೊಟ್ಟು, ಅವನ ಹಿಂದೆ ನಿಂತ ಗೋಡೆಗೆ ಹೇಳಿದರು: 'ಮುಂದಿನವರು.' ಅಂಗಳ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಆ ಜಾಗದಲ್ಲಿ ಒಂದು ಥರಾ ಮೌನ ಬಂತು. ಎಲ್ಲರೂ ಯಾವತ್ತೋ ಆ ಗೋಡೆಯ ಮುಂದೆ ನಿಂತವರೇ.

'ಸರಿ, ನೀವು ನಿಜವಾಗಿ ಡಾಕ್ಟರ್ ಆಗಿದ್ರೆ ಹೇಗಿರ್ತಿದ್ರಿ?' ಅಂತ ಕೇಳಿದೆ. ಸ್ಟೂಲನ್ನು ಎಳೆದುಕೊಂಡು ರೋಗಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಮುಚ್ಚಳವನ್ನು ಅವನ ಎದೆಗೆ ಇಡುವ ಮೊದಲು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದರು. ಪ್ಲಾಸ್ಟಿಕ್ ಮುಚ್ಚಳ ಅದು, ತಣ್ಣಗೇನೂ ಇರಲಿಲ್ಲ. ಆ ಒಂದು ಚಲನೆಯನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕಾಯಿಲೆ ಬಿದ್ದವರಿಗೆ ಲೋಕ ಕೊಡೋದು ಒಂದೇ ಪಾತ್ರ. ಮಗಳಾಗಿದ್ದವಳು, ಅಡಿಕೆ ವ್ಯಾಪಾರ ಮಾಡಿದವನು, ಊರಿಗೆಲ್ಲ ಸೋಬಾನೆ ಹೇಳಿದವಳು, ಎಲ್ಲರೂ ಬರೀ ರೋಗಿ ಆಗಿಬಿಡುತ್ತಾರೆ. ನಾಟಕದವರು ಹೋಗಿ, 'ನಿಮ್ಮ ನೋವಿನ ಕಥೆ ಹೇಳಿ' ಅಂದರೆ ನಾವೂ ಅದೇ ಪಾತ್ರವನ್ನು ಮತ್ತೊಂದು ಸಲ ಕೊಟ್ಟ ಹಾಗೆ, ಸ್ವಲ್ಪ ಒಳ್ಳೆ ಲೈಟಿಂಗಿನಲ್ಲಿ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆ, ಶುರು ಮಾಡಿದ ಸಿಸಿಲಿ ಸಾಂಡರ್ಸ್, ನೋವು ಅಂದರೆ ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದು, ಮನೆಯದ್ದು, ನಂಬಿಕೆಯದ್ದು ಎಲ್ಲ ಸೇರಿದ ಒಟ್ಟು ನೋವು ಅಂತ ಹೇಳುತ್ತಿದ್ದರು. ಅವರು ಮೊದಲು ನರ್ಸ್ ಆಗಿದ್ದವರು, ಡಾಕ್ಟರ್ ಓದಿದ್ದು ಆಮೇಲೆ. ನಮ್ಮ ಅಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ. ಮುಚ್ಚಳ ಬಿಸಿ ಮಾಡೋದು ಗೊತ್ತಿತ್ತು.

ಮರೆವಿನ ವಿಷಯಕ್ಕೆ ಬರುತ್ತೇನೆ. 'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಡಿಮೆನ್ಷಿಯಾ ಇರೋ ಮನೆಗೆ ನೆಂಟರು ಬಂದರೆ ಮೊದಲ ಪ್ರಶ್ನೆ ಏನು ಗೊತ್ತಾ? 'ನಾನು ಯಾರು ಹೇಳಿ ನೋಡೋಣ?' ಪಾಪ, ದಿನಾ ಪರೀಕ್ಷೆ, ದಿನಾ ಫೇಲು. ಅಮೆರಿಕದ ಮಿಲ್ವಾಕಿಯ ಆನ್ ಬಾಸ್ಟಿಂಗ್ ಅನ್ನೋ ರಂಗಕರ್ಮಿ 1990ರ ದಶಕದಲ್ಲಿ ಇಂಥವರ ಜೊತೆ ನೆನಪಿನ ಆಟಗಳನ್ನು ಆಡಿಸಲು ಹೋಗಿ ಸೋತರು. ಒಂದು ದಿನ ಪತ್ರಿಕೆಯಿಂದ ಸಿಗರೇಟು ಜಾಹೀರಾತಿನ ಕೌಬಾಯ್ ಚಿತ್ರ ಹರಿದು ತೋರಿಸಿ, 'ಇವನಿಗೆ ಒಂದು ಹೆಸರಿಡಿ' ಅಂದರು. ನೆನಪು ಕೇಳಲಿಲ್ಲ, ಕಲ್ಪನೆ ಕೇಳಿದರು. ಮಾತೇ ಆಡದವರು ಹಾಡಿದರು, ನಕ್ಕರು, ಕತೆ ಕಟ್ಟಿದರು. ಮುಂದೆ ಒಂದು ಇಡೀ ವೃದ್ಧಾಶ್ರಮವನ್ನೇ ರಂಗವಾಗಿ ಮಾಡಿಕೊಂಡು ಗ್ರೀಕ್ ಪುರಾಣದ ಪೆನೆಲೋಪಿಯ ಕಥೆ ಆಡಿಸಿದರು. ಯುದ್ಧಕ್ಕೆ ಹೋದ ಗಂಡನ ಕಥೆಯನ್ನು ಬಿಟ್ಟು, ಮನೆಯಲ್ಲಿ ಕಾಯುತ್ತಾ ಕೂತ ಹೆಂಡತಿಯ ಕಥೆ.

ನಮ್ಮಲ್ಲಿ ಒಬ್ಬ ಅಜ್ಜಿ ಇದ್ದರು. ಸಂಜೆಯಾದರೆ ಸಾಕು, 'ಮನೆಗೆ ಹೋಗ್ಬೇಕು' ಅಂತ ಎದ್ದು ನಿಲ್ಲುತ್ತಿದ್ದರು. 'ಇದೇ ನಿಮ್ಮನೆ ಅಲ್ವಾ ಅಜ್ಜಿ' ಅಂದರೆ ಸಿಟ್ಟು. ಅವರ ತವರುಮನೆ ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವರನ್ನು ಯಾವ ಮನೆಗೆ ಕರೆದುಕೊಂಡು ಹೋಗೋದು? ನಮ್ಮ ಹುಡುಗಿಯೊಬ್ಬಳು, 'ಬನ್ನಿ ಅಜ್ಜಿ ಹೋಗೋಣ, ದಾರಿ ಹೇಳಿ' ಅಂದಳು. ಅಜ್ಜಿ ಹೇಳಿದರು. ಗದ್ದೆ ಬದುವಿನ ಮೇಲೆ, ಆಮೇಲೆ ಹಳ್ಳ ದಾಟುವ ಸಂಕ, ಸಂಕದ ಮೇಲೆ ಮಳೆಗಾಲದಲ್ಲಿ ಪಾಚಿ, ಹುಷಾರು. ಆಚೆ ದಡದಲ್ಲಿ ಹಲಸಿನ ಮರ. ಅಲ್ಲಿಂದ ಕೂಗಿದರೆ ಮನೆಯ ನಾಯಿ ಬೊಗಳುತ್ತೆ. ಅರ್ಧ ಗಂಟೆ ಜಗಲಿಯ ಮೇಲೆ ಆ ಕಡೆ ಈ ಕಡೆ ನಡೆದರು. ನಾಯಿ ಬೊಗಳಿದ ಮೇಲೆ ಸುಸ್ತಾಗಿ ಕೂತರು. ಅವತ್ತು ರಾತ್ರಿ ಮತ್ತೆ ಮನೆ ಕೇಳಲಿಲ್ಲ. ಮರುದಿನ ಕೇಳಿದರು, ಅದು ಬೇರೆ ಮಾತು.

ಆ ದಾರಿ ನಮ್ಮ ನಾಟಕದಲ್ಲಿದೆ. ಮನೆಯವರನ್ನು ಕೇಳಿದೆವು, ಅಜ್ಜಿಯನ್ನೂ ಪ್ರತಿ ಸಲ ಕೇಳುತ್ತಿದ್ದೆವು. ಅವರು ಮುಖ ತಿರುಗಿಸಿದ ದಿನ ಆ ದೃಶ್ಯ ಆಡುತ್ತಿರಲಿಲ್ಲ. ಒಂದು ದಿನ ಅವರೇ ಮುಂದೆ ಕೂತು ನೋಡುತ್ತಿದ್ದರು. ನಟ ಬಲಕ್ಕೆ ತಿರುಗಿದ. 'ಸಂಕ ಎಡಕ್ಕೆ ಕಣೋ' ಅಂತ ಗದರಿದರು.

ಇನ್ನೊಂದು ದೃಶ್ಯದ ಬಗ್ಗೆ ಹೇಳಬೇಕು. ಬ್ರೆಜಿಲ್‌ನ ಅಗಸ್ಟೋ ಬೋಲ್ ಕಟ್ಟಿದ ಫೋರಂ ಥಿಯೇಟರ್ ಅನ್ನೋ ಕ್ರಮ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ನಾಟಕವನ್ನು ಬಿಕ್ಕಟ್ಟಿನಲ್ಲಿ ನಿಲ್ಲಿಸೋದು, ನೋಡುತ್ತಿರುವವರು ಎದ್ದು ಬಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಹುಡುಕೋದು. ನಾವು ನಿಲ್ಲಿಸಿದ ಬಿಕ್ಕಟ್ಟು ಮಲೆನಾಡಿನ ಎಲ್ಲ ಮನೆಯದ್ದು. ಅಪ್ಪಯ್ಯನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿದೆ. ಘಟ್ಟದ ಕೆಳಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋದಾ, ಮನೆಯಲ್ಲೇ ಇಟ್ಟುಕೊಳ್ಳೋದಾ? ಬೆಂಗಳೂರಿನ ಮಗ ಫೋನಿನಲ್ಲಿ, 'ದುಡ್ಡಿನ ಚಿಂತೆ ಬೇಡ, ಐಸಿಯುಗೆ ಹಾಕಿ' ಅಂತಾನೆ. ಊರಲ್ಲಿರುವ ಮಗ ಸುಮ್ಮನಿದ್ದಾನೆ. ಅಕ್ಕ ಅಳುತ್ತಿದ್ದಾಳೆ.

ಪ್ರತಿ ಊರಿನಲ್ಲೂ ಜನ ಎದ್ದು ಬಂದು ಬೆಂಗಳೂರಿನ ಮಗ ಆಗುತ್ತಿದ್ದರು. ಇಲ್ಲ ಊರಿನ ಮಗ. ಜೋರು ಚರ್ಚೆ. ಅಪ್ಪಯ್ಯನ ಹಾಸಿಗೆಗೆ ಯಾರೂ ಬರುತ್ತಿರಲಿಲ್ಲ. ಹೊಸನಗರ ಕಡೆಯ ಒಂದು ಊರಿನಲ್ಲಿ ಕೊನೆಗೂ ಒಬ್ಬ ಅಜ್ಜಿ ಬಂದರು. ನಟನನ್ನು ಎಬ್ಬಿಸಿ ತಾವು ಮಲಗಿದರು. ಈಗ ದೊಡ್ಡ ಮಾತು ಬರುತ್ತೆ ಅಂತ ನಾನು ಕಾದೆ. ನನ್ನನ್ನು ಮನೆಯಲ್ಲೇ ಸಾಯಲು ಬಿಡಿ, ಆ ಥರದ್ದು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಸುತ್ತ ಮಕ್ಕಳ ಜಗಳ ನಡೆದೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ, 'ಯಾರಾದ್ರೂ ಆ ಫ್ಯಾನ್ ಆಫ್ ಮಾಡಿ. ಚಳಿಯಾಗ್ತಿದೆ' ಅಂದರು. ಎದ್ದು ತಮ್ಮ ಜಾಗಕ್ಕೆ ಹೋಗಿ ಕೂತರು.

ಆ ಅಜ್ಜಿ ಪಾತ್ರಕ್ಕಾಗಿ ಹೇಳಿದರೋ, ನಿಜವಾಗಿ ಚಳಿಯಾಗಿತ್ತೋ, ನಾನು ಕೇಳಲಿಲ್ಲ.

ಈ ದೃಶ್ಯ ಆದ ಮೇಲೆ ಜನ ಕಾನೂನಿನ ಪ್ರಶ್ನೆ ಕೇಳುತ್ತಾರೆ. ನಾನು ವಕೀಲ ಅಲ್ಲ, ಆದರೂ ಗೊತ್ತಿರೋದಿಷ್ಟು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಗುಣವಾಗುವ ಆಸೆಯೇ ಇಲ್ಲದಾಗ ಬರೀ ಜೀವ ಎಳೆಯುವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಬಹುದು ಅಂತ ಹೇಳಿತು. ಆಗ ಇಟ್ಟ ನಿಯಮಗಳು ತೀರಾ ತೊಡಕಾಗಿದ್ದವು, 2023ರಲ್ಲಿ ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿಕೊಂಡರೆ ಆಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನಾಟಕ ಮುಗಿದ ಮೇಲೆ ಇದನ್ನು ಹೇಳಿದರೆ ವಯಸ್ಸಾದವರು ಗಮನವಿಟ್ಟು ಕೇಳುತ್ತಾರೆ. ಅವರ ಮಕ್ಕಳು ಎದ್ದು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ.

ಡಾಕ್ಟರ್ ಪಾತ್ರದ ಅಮ್ಮ ಆಷಾಢದಲ್ಲಿ ತೀರಿಕೊಂಡರು. ಹನ್ನೊಂದು ಪ್ರದರ್ಶನ ಮಾಡಿದ್ದರು. ಅವರ ಮಾತು ಎಲ್ಲೂ ಬರೆದಿರಲಿಲ್ಲ, ಪ್ರತಿ ಸಲ ಬೇರೆ ಇರುತ್ತಿತ್ತು. ಆ ಪಾತ್ರ ತೆಗೆದುಬಿಡೋಣ ಅಂದುಕೊಂಡಿದ್ದೆವು. ಹದಿಮೂರು ದಿನ ಕಳೆದ ಮೇಲೆ ಅವರ ಸೊಸೆ ಫೋನ್ ಮಾಡಿದರು. 'ಆ ಪೈಪು ನಮ್ಮನೇಲೇ ಇದೆ. ನಾನು ಮಾಡ್ಲಾ?' ತಾಲೀಮಿಗೆ ಬಂದರು. ಸ್ಟೂಲ್ ಎಳೆದುಕೊಂಡು ಕೂತರು. ರೋಗಿಯನ್ನು ನೋಡಲೇ ಇಲ್ಲ. ಅವನ ಹಿಂದೆ, ಫೈಲು ಹಿಡಿದು ನಿಂತಿದ್ದ ಹೆಂಡತಿಯ ಪಾತ್ರದವಳನ್ನು ನೋಡಿ ಕೇಳಿದರು: 'ನೀವು ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?' ಆ ಪಾತ್ರಕ್ಕೆ ಅಲ್ಲಿಯವರೆಗೆ ಒಂದೂ ಮಾತಿರಲಿಲ್ಲ. ಆ ಹುಡುಗಿ ತಬ್ಬಿಬ್ಬಾಗಿ ನನ್ನ ಕಡೆ ನೋಡಿದಳು. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆ. ಇಷ್ಟು ಒಳ್ಳೆಯ ರಂಗಮಂದಿರಗಳು ಶಿವಮೊಗ್ಗದಲ್ಲಿರುವಾಗ ಯಾಕೆ ಮನೆಗಳ ಜಗಲಿಯಲ್ಲೇ ಆಡುತ್ತೀರಿ ಅಂತ ಒಬ್ಬರು ಕೇಳಿದರು.

ನಮ್ಮ ಪ್ರೇಕ್ಷಕರಲ್ಲಿ ಕೆಲವರಿಗೆ ಎದ್ದು ಬರಲು ಆಗಲ್ಲ, ಅದಕ್ಕೆ. ಜಗಲಿಯಲ್ಲಿ ಆಡಿದರೆ ಒಳಕೋಣೆಯಲ್ಲಿ ಮಲಗಿದವರಿಗೂ ಕೇಳುತ್ತೆ. ಇದನ್ನೂ ನಾವಾಗಿ ಯೋಚಿಸಿ ಮಾಡಿದ್ದಲ್ಲ. ಸಾಗರದ ಹತ್ತಿರ ಒಂದು ಮನೆಯಲ್ಲಿ ಆಡುತ್ತಿದ್ದೆವು. ಅಂಗಳದ ತುಂಬ ಜನ. ಮೇಷ್ಟ್ರು ಭೀಷ್ಮನಾಗಿ ಮಲಗಿದ್ದಾರೆ. ಮಾತ್ರೆ ಇಳಿಯುವ ಹೊತ್ತು, ದನಿ ಇನ್ನೂ ಸಣ್ಣದಾಗಿದೆ. ಅರ್ಜುನ ದಿಂಬಿನ ಬಾಣ ಹೂಡಿದ್ದಾನೆ. ಆಗ ಹಿಂದಿನಿಂದ, ಮನೆಯ ಒಳಗಿನಿಂದ 'ಜೋರಾಗಿ ಮಾತಾಡ್ರೋ, ಏನೂ ಕೇಳ್ತಿಲ್ಲ' ಅಂತ ಒಂದು ಗಂಡು ದನಿ ಬಂತು. ಆ ಮನೆಯ ದೊಡ್ಡ ಯಜಮಾನರು. ಒಂದೂವರೆ ವರ್ಷದಿಂದ ಆ ಕೋಣೆ ಬಿಟ್ಟು ಹೊರಗೆ ಬಂದವರಲ್ಲ. ಮೇಷ್ಟ್ರು ಮಲಗಿದಲ್ಲಿಂದಲೇ, ಪಾತ್ರ ಬಿಡದೆ, ಇದ್ದಬದ್ದ ಉಸಿರೆಲ್ಲ ಸೇರಿಸಿ, 'ಈಗ ಕೇಳ್ತಾ ಅಣ್ಣ?' ಅಂದರು.

'ಹಾಂ. ಮುಂದುವರ್ಸು.'

ಅವತ್ತಿನಿಂದ ನಾವು ಒಳಕೋಣೆಯ ಬಾಗಿಲ ಕಡೆ ಮುಖ ಮಾಡಿ ಆಡುತ್ತೇವೆ. ಅಂಗಳದಲ್ಲಿ ಕೂತವರಿಗೆ ನಮ್ಮ ಬೆನ್ನು ಕಾಣುತ್ತೆ. ಇಲ್ಲಿಯವರೆಗೆ ಯಾರೂ ತಕರಾರು ಮಾಡಿಲ್ಲ.